ಗೇರ್‌ಬಾಕ್ಸ್ ಕೆಟ್ಟ ದಿನ

ಅನಮೋಡ ಘಟ್ಟ ಇಳಿಯುವಾಗಲೇ ಗೊರಗೊರ ಅಂದಿತ್ತು,
ವಾಸ್ಕೋ ಸ್ಟ್ಯಾಂಡಿನಲ್ಲಿ ಪೂರಾ ಹಟ ಹಿಡಿಯಿತು.
'ಸಾಮಾನು ನಾಳೆ ಬರ್ತದ, ಇವತ್ತು ಅಲ್ಲೇ ಇರ್ರಿ'
ಅಂದರು ಡಿಪೋದಿಂದ.
ಹತ್ತೊಂಬತ್ತು ವರ್ಷದ ನೌಕರಿಯಲ್ಲಿ
ಮದುವೆಗಲ್ಲದ, ಸಾವಿಗಲ್ಲದ, ಜ್ವರಕ್ಕಲ್ಲದ
ಮೊದಲ ರಜೆ.
ಏನು ಮಾಡಬೇಕು ಇದನ್ನು?
ಡ್ರೈವರ್ ಮೌಲಾಸಾಬ ಬಸ್ಸಿನ ನೆರಳಲ್ಲೇ ಚಾದರ ಹಾಸಿದ.

ವಾರಕ್ಕೊಮ್ಮೆ ಲೋಂಡಾಕ್ಕೆ ಟಿಕೆಟ್ ತೆಗೆಯುವ ಕಾಯ್ತಾನ್
ಬಾಯ್ಣಾದ ದಂಡೆಯಲ್ಲಿ ದೋಣಿಗೆ ಡೀಸೆಲ್ ತುಂಬುತ್ತಿದ್ದ.
'ಬಾ ಕಂಡಕ್ಟರ್‌ಬಾಯಿ, ಇವತ್ತು ನಿನಗೆ ಫ್ರೀ ಪಾಸು,
ನಡುಗಡ್ಡೆಯ ಹತ್ತಿರ ಆಮೆ ಬರುತ್ತವೆ, ಬಂದರೆ.'
ಆ 'ಬಂದರೆ'ಯನ್ನು ಮೆಲ್ಲಗೆ ಹೇಳಿದ,
ನಾವು 'ಚಿಲ್ಲರೆ ಆಮೇಲೆ ಕೊಡ್ತೀನಿ' ಅನ್ನುವ ಹಾಗೆ.

ದೋಣಿಯಲ್ಲಿ ಪುಣೆಯ ಆರು ಹುಡುಗರು, ಒಂದು ಹೊಸ ಜೋಡಿ,
ಎಲ್ಲರ ಮೈಮೇಲೂ ಬಿಗಿಯಾದ ಕರಿ ಬಟ್ಟೆ.
ನಾನು ಚೂಡಿದಾರದ ಮೇಲೇ ಕಿತ್ತಳೆ ಜಾಕೀಟು ಕಟ್ಟಿಕೊಂಡೆ.
ಉಸಿರಿನ ಕೊಳವೆ ಕಚ್ಚಲು ಅವರಿಗೆ ಹತ್ತು ನಿಮಿಷ ಹಿಡಿಯಿತು,
ಕೆಮ್ಮಿದರು, ಉಗಿದರು, ನಕ್ಕರು.
ನನ್ನ ಹಲ್ಲಿಗೆ ಅದೇನು ಹೊಸದೇ?
ದಿನಕ್ಕೆ ಮುನ್ನೂರು ಸಲ ಸೀಟಿ ಕಚ್ಚಿದ ಬಾಯಿ ಇದು.
ಕಲಿಯಬೇಕಾದದ್ದು ಒಂದೇ: ಊದದೆ ಇರುವುದು.

ಈಜು? ಅದು ನರಗುಂದದ ಕಡೆಯ ಬಾವಿಯದು.
ಬೆನ್ನಿಗೆ ಸೋರೆಬುರುಡೆ ಕಟ್ಟಿ ಕಾಕಾ ನೂಕಿದ್ದ;
ಬಾವಿಗೆ ಗೋಡೆ ಇತ್ತು, ಮೇಲೆ ಬಯ್ಯುವ ಮಂದಿ ಇದ್ದರು.
ಇಲ್ಲಿ ಕೈ ಚಾಚಿದಷ್ಟೂ ನೀರು,
ಹಿಡಿಯಲು ಒಂದು ಕಂಬಿ ಇಲ್ಲ.
ಅಲುಗಾಟ ಮಾತ್ರ ಪರಿಚಯದ್ದೇ:
ಮೊಣಕಾಲು ಸಡಿಲ ಬಿಟ್ಟವರು ಬೀಳುವುದಿಲ್ಲ.

ಮುಖ ಮುಳುಗಿಸಿದೆ. ಕೆಳಗೆ ಹಸಿರು ಮಬ್ಬು,
ಮಜ್ಜಿಗೆಗೆ ಕೊತ್ತಂಬರಿ ಅರೆದು ಹಾಕಿದ ಹಾಗೆ.
ಪಟ್ಟೆ ಮೀನುಗಳು ಬಂಡೆಯ ಸಂದಿಗೆ ಒಟ್ಟಿಗೇ ನುಗ್ಗಿದವು.
ಅಭ್ಯಾಸಬಲ, ಎಣಿಸಿದೆ:
ನಲವತ್ತೊಂದು, ನಿಂತವರು ಬೇರೆ.
ಆಮೆ ಬರಲಿಲ್ಲ.
ಒಂದು ತಾಸು. ಆಮೆ ಬರಲಿಲ್ಲ.
ಹುಡುಗರು ಮೇಲೆ ಹತ್ತಿ ಚಿಪ್ಸ್ ಪೊಟ್ಟಣ ಒಡೆದರು;
ಹೊಸ ಹೆಂಡತಿ ವಾಂತಿ ಮಾಡಿದಳು, ಹೊಸ ಗಂಡ ಬೆನ್ನು ಸವರಿದ.
'ಸಾಕು, ಬಾಯಿ' ಅಂದ ಕಾಯ್ತಾನ್.
ಇನ್ನೊಂದೇ ಸ್ಟಾಪು, ಎಂದು ಬೆರಳೆತ್ತಿದೆ.

ಆಗ ಅದು ಕೆಳಗಿನಿಂದ ಎದ್ದು ಬಂತು,
ರೊಟ್ಟಿ ಬಡಿದು ಬಡಿದು ಪಳಗಿದ ಕೈಯ ಹಾಗೆ
ಅವಸರವಿಲ್ಲದ ಎರಡು ರೆಕ್ಕೆ.
ಚಿಪ್ಪಿನ ಅಂಚಿಗೆ ಒಂದು ಕಡಿತ, ಯಾವುದೋ ದೋಣಿಯದು, ಹಳೆಯದು;
ಪಾಚಿ ಬೆಳೆದು ಗಾಯವೂ ಮೈಯಾಗಿತ್ತು.
ನೇರ ನನ್ನ ಕಡೆಗೇ.
ನಾನು ಕಾಲು ಮಡಿಚಿಕೊಂಡೆ.

ಭಯಕ್ಕಲ್ಲ.
ನಮ್ಮೂರ ಗುಡಿಯ ನೆಲದಲ್ಲಿ ಒಂದು ಕಲ್ಲಾಮೆ ಇದೆ,
ಗಂಟೆಯ ಕೆಳಗೆ, ತಪ್ಪಿ ಮೆಟ್ಟಿದ ಪಾದಗಳೇ ಸವೆಸಿದ್ದು.
'ಮೆಟ್ಟಬ್ಯಾಡ, ದಾಟು' ಎಂದು ಅವ್ವ
ರಟ್ಟೆ ಹಿಡಿದು ಎತ್ತುತ್ತಿದ್ದಳು.
ಮೂವತ್ತೈದು ವರ್ಷದ ಮೇಲೆ, ಗೋವಾದ ಕಡಲಲ್ಲಿ,
ಅವ್ವನ ಮಾತು ತಲೆಗಿಂತ ಮೊದಲು ಕಾಲಿಗೆ ನೆನಪಾಯಿತು.

ಒಂದು ಮೊಳ ದೂರದಲ್ಲಿ ಅದು ಮೂಗು ಹೊರಗಿಟ್ಟು
ಹ್ಹಾ ಎಂದು ಉಸಿರೆಳೆಯಿತು,
ಸಂತೆಯ ಮೂಟೆ ಇಳಿಸಿದ ಮುದುಕಿಯ ಹಾಗೆ.
ನನ್ನ ಕೊಳವೆಯೂ ಹ್ಹಾ ಅಂದಿತು.
ಇಬ್ಬರೂ ಮೇಲೆ ಬಂದದ್ದು ಒಂದೇ ಗಾಳಿಗೆ.
ಅದರ ಕಣ್ಣು ನನ್ನನ್ನು ನೋಡಿತೋ,
ಸುಮ್ಮನೆ ತೆರೆದಿತ್ತೋ, ಹೇಳಲಾರೆ.
ಹೇಳುವವರನ್ನು ನಂಬುವುದೂ ಇಲ್ಲ.
ಆಮೇಲೆ ಇಳಿದು ಹೋಯಿತು. ಮಬ್ಬು ಮುಚ್ಚಿಕೊಂಡಿತು.

ಫೋಟೋ? ಕೇಳಿದರು ಹುಡುಗರು.
ಇಲ್ಲವೆಂದೆ. ಮರುಗಿ, ಚಿಪ್ಸ್ ಕೊಟ್ಟರು.

ಮರುದಿನ ಬಸ್ಸು ಘಟ್ಟ ಹತ್ತಿತು.
ಲೋಂಡಾದಲ್ಲಿ ಏರಿದ ಮುದುಕ ನನ್ನ ಮುಖ ದಿಟ್ಟಿಸಿ
'ಯಾರ್ ಹೊಡದ್ರವ್ವಾ?' ಅಂದ.
ಮುಟ್ಟಿ ನೋಡಿಕೊಂಡೆ: ಹುಬ್ಬಿನಿಂದ ತುಟಿಯವರೆಗೆ
ರಬ್ಬರು ಒತ್ತಿ ಕಂದಿದ ಗೆರೆ.
'ಎಲ್ಲಿಗೆ, ಅಜ್ಜಾ?'
ಅಳ್ನಾವರ ಅಂದ.
ನೂರರ ನೋಟಿಗೆ ಚಿಲ್ಲರೆ ಎಣಿಸಿ ಕೊಟ್ಟು
ಸೀಟಿ ಕಚ್ಚಿದೆ.
ಊದಲು ಒಂದು ಗಳಿಗೆ ತಡವಾಯಿತು.